ಎರಡು ಜಿಬಿ ಸಾಹೇಬರು

ಎರಡು ಜಿಬಿಯ ಮೆಮೊರಿ ಕಾರ್ಡು ಕೇಳಿಕೊಂಡು ಈಗ ನನ್ನ ಅಂಗಡಿಗೆ ಯಾರೂ ಬರುವುದಿಲ್ಲ. ಕೇಳುವವರು ಒಬ್ಬರೇ ಉಳಿದಿದ್ದರು, ಅವರೂ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಒಬ್ಬ ಗಿರಾಕಿಗೆ ಚಾರ್ಜರು ತೋರಿಸುತ್ತಿದ್ದೆ. ತೋರಿಸುವುದನ್ನು ಅಲ್ಲಿಗೇ ಬಿಟ್ಟು, ಶಟರ್ ಎಳೆದು, ಇಳಕಲ್ಲಿನ ಬಸ್ಸು ಹಿಡಿದೆ. ಆ ಗಿರಾಕಿ ಮತ್ತೆ ನನ್ನ ಅಂಗಡಿಗೆ ಕಾಲಿಟ್ಟಿಲ್ಲ.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಕಂಪ್ಯೂಟರ್ ಮತ್ತು ಮೊಬೈಲ್ ಸಾಮಾನಿನ ಅಂಗಡಿ. ಗಿರಾಕಿಗಳೊಂದಿಗೆ ಜಗಳವಾಡುವವನು ಎಂದು ನನ್ನ ಹೆಸರು ಸ್ವಲ್ಪ ಕೆಟ್ಟಿದೆ. ದೊಡ್ಡ ಜಿಬಿಯ ಕಾರ್ಡು ಕೇಳಿದವರಿಗೆ, ನಿಮ್ಮ ಹಳೆಯ ಮೊಬೈಲಿಗೆ ಅದು ನಡೆಯುವುದಿಲ್ಲ, ಸಣ್ಣದು ಒಯ್ಯಿರಿ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಅಂಗಡಿಯವನು ತಮ್ಮನ್ನು ಬಡವರೆಂದು ತಿಳಿದ ಎಂದುಕೊಳ್ಳುತ್ತಾರೆ. ಹೀಗೆ ಸಿಟ್ಟು ಮಾಡಿಕೊಳ್ಳದೆ ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿದವರು ಆ ಸಾಹೇಬರು ಒಬ್ಬರೇ.

ಇಳಕಲ್ಲಿನ ಒಂದು ಓಣಿಯಲ್ಲಿ ಅವರ ಸಣ್ಣ ಸ್ಟುಡಿಯೋ. ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಸೈಜು ಎಲ್ಲ ಮಾಡುತ್ತಿದ್ದರು. ಆದರೆ ಹುನಗುಂದದ ಸುತ್ತಲಿನ ಹಳ್ಳಿಗಳಲ್ಲಿ ಅವರ ಹೆಸರಿದ್ದದ್ದು ಬೇರೆಯೇ ಕೆಲಸಕ್ಕೆ, ಸತ್ತವರ ಫೋಟೋ ತೆಗೆಯಲು. ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸಿ ಇಡುವುದಿಲ್ಲ. ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಬಳಿದು, ಒಳ್ಳೆಯ ಬಟ್ಟೆ ಉಡಿಸಿ, ಕುರ್ಚಿಯ ಮೇಲೆ ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಒಂದು ಕಡೆ ಭಜನೆ ನಡೆದಿರುತ್ತದೆ, ಬಂಧುಗಳು ಬರುತ್ತಿರುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮನೆಯವರೆಲ್ಲ ಸುತ್ತ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋಕ್ಕೆ ಅವರೇ ಬೇಕು. ಅವರು ಮುಸಲ್ಮಾನರು ಎಂಬುದು ಯಾರಿಗಾದರೂ ಅಡ್ಡ ಬಂದದ್ದನ್ನು ನಾನು ಕೇಳಿಲ್ಲ. "ಸಾಹೇಬ್ರಿಗೆ ಫೋನ್ ಹಚ್ಚೀರಿಲ್ಲೋ?" ಎಂದು ಕೇಳುವುದು, ಕ್ರಿಯಾಕರ್ಮದ ಐನಾರಿಗೆ ಹೇಳಿ ಕಳಿಸಿದಿರಾ ಎಂದು ಕೇಳಿದಷ್ಟೇ ಸಹಜವಾಗಿತ್ತು.

ಸಾವಿನ ಮನೆಗಳಲ್ಲಿ ಓಡಾಡಿ ಓಡಾಡಿ ಅವರ ಮೈಗೆ ಕೆಲವು ರೂಢಿಗಳು ಅಂಟಿದ್ದವು. ನನ್ನ ಅಂಗಡಿಗೆ ಬಂದರೂ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ. ಕುರ್ಚಿ ತೋರಿಸಿದರೆ, "ಅಡ್ಡಿ ಇಲ್ಲೇನ್ರಿ?" ಎಂದು ಕೇಳಿ ಆಮೇಲೆ ಕೂರುವುದು. ಮಾತು ಬಹಳ ತಗ್ಗಿದ ದನಿಯಲ್ಲಿ. ಉದ್ದನೆಯ ಆಳು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ನಗುವಾಗಲೂ ಬಾಯಿಗೆ ಕೈ ಅಡ್ಡ. ಬಾಜೂ ಅಂಗಡಿಯವರು ಅವರನ್ನು ನೋಡಿದಾಗಲೆಲ್ಲ ನನ್ನ ಮನೆಯಲ್ಲಿ ಎಲ್ಲರೂ ಆರಾಮಿದ್ದಾರಾ ಎಂದು ವಿಚಾರಿಸುತ್ತಿದ್ದರು.

ಮೊದಲ ಸಲ ಬಂದಾಗ ಅವರು ಗಲ್ಲೆಯ ಮೇಲೆ ಒಂದು ಬೆಳ್ಳಿ ಬಣ್ಣದ ಕ್ಯಾಮೆರಾ ಇಟ್ಟರು. ಡಿಜಿಟಲ್ ಕ್ಯಾಮೆರಾ ನಮ್ಮ ಕಡೆ ಹೊಸದಾಗಿ ಬಂದ ಕಾಲದ್ದು, ಹಿಂದೆ ಬೆಂಕಿಪೆಟ್ಟಿಗೆಯಷ್ಟು ಪರದೆ.

"ಇದಕ್ಕ ಕಾರ್ಡ್ ಬೇಕಾಗಿತ್ರಿ."

ನಾನು ನೋಡದೆಯೇ ಹದಿನಾರು ಜಿಬಿಯದು ತೆಗೆದು ಕೊಟ್ಟೆ. ಅವರು ಅದನ್ನು ಹಾಕಿ, ಕ್ಯಾಮೆರಾ ಚಾಲೂ ಮಾಡಿ, ಸ್ವಲ್ಪ ಹೊತ್ತು ನೋಡಿ ತಿರುಗಿಸಿ ತೋರಿಸಿದರು. "ಒಲ್ಲೆ ಅಂತೈತ್ರಿ ಇದು."

"ಕ್ಯಾಮೆರಾ ಹಳೇದೈತ್ರೀ. ಅದಕ್ಕ ಎರಡರ ಮ್ಯಾಲ ಎಣಿಸಾಕ ಬರಂಗಿಲ್ಲ" ಎಂದೆ. ನನ್ನ ಮಾತಿನಲ್ಲಿ ಕೊಂಕಿತ್ತು.

"ನನಗೂ ಎರಡು ಸಾಕ್ರಿ" ಎಂದರು ಅವರು, ಅಷ್ಟೇ ತಣ್ಣಗೆ. "ಒಂದು ಬದುಕಿದವರಿಗೆ, ಒಂದು ಸತ್ತವರಿಗೆ."

ಇದೇನು ಮಾತು ಎಂದು ನಾನು ಮುಖ ನೋಡಿದೆ. ಅವರು ಕಿಸೆಯಿಂದ ಎರಡು ಪುಟ್ಟ ಚೀಲ ತೆಗೆದರು. ಒಂದು, ಇಳಕಲ್ ಸೀರೆಯ ಸೆರಗಿನ ಕೆಂಪು ತುಂಡಿನದು. ಇನ್ನೊಂದು ಬಿಳಿ ಬಟ್ಟೆಯದು. ಹೆಂಡತಿ ಹೊಲಿದುಕೊಟ್ಟದ್ದಂತೆ. ಮದುವೆ, ಕುಬಸ, ತೊಟ್ಟಿಲ ಕಾರ್ಯದ ಫೋಟೋಗಳೆಲ್ಲ ಕೆಂಪು ಚೀಲದ ಕಾರ್ಡಿನಲ್ಲಿ. ಸಾವಿನವು ಬಿಳಿ ಚೀಲದ್ದರಲ್ಲಿ. ಇದನ್ನು ಅದರಲ್ಲಿ ತೆಗೆದದ್ದಿಲ್ಲ, ಅದನ್ನು ಇದರಲ್ಲಿ ತೆಗೆದದ್ದಿಲ್ಲ. ಸತ್ತವರದ್ದನ್ನು ಅಳಿಸಿ ಖಾಲಿ ಮಾಡಿದ ಮೇಲೂ ಆ ಕಾರ್ಡು ಮದುವೆಗೆ ಹೋಗುವಂತಿಲ್ಲ. ಅಳಿಸಿದ ಮೇಲೆ ಅದರಲ್ಲಿ ಏನೂ ಇರುವುದಿಲ್ಲ ಎಂದು ನಾನು ವಾದಿಸಿದೆ. ಅವರು ತಲೆ ಆಡಿಸಿದರು, ಒಪ್ಪಲಿಲ್ಲ.

ಅದಕ್ಕೊಂದು ಕಾರಣವಿತ್ತು. ರೀಲಿನ ಕಾಲದಲ್ಲಿ ಒಮ್ಮೆ ಅರ್ಧ ರೀಲು ಮದುವೆಯದು, ಉಳಿದರ್ಧ ಒಬ್ಬ ಅಜ್ಜನ ಸಾವಿನದು ತೆಗೆದಿದ್ದರಂತೆ. ತೊಳೆಯಲು ಕಳಿಸಿದ ಕಡೆಯಿಂದ ಎಲ್ಲ ಒಂದೇ ಲಕೋಟೆಯಲ್ಲಿ ಬಂದವು. ಇವರು ಊರಲ್ಲಿಲ್ಲದಾಗ ಮದುವೆ ಮನೆಯವರು ಬಂದು ಲಕೋಟೆ ಒಯ್ದು, ಬೀಗರನ್ನೆಲ್ಲ ಕೂರಿಸಿಕೊಂಡು ಬಿಚ್ಚಿದರು. ಮೇಲೆಯೇ ಇದ್ದದ್ದು ವಿಭೂತಿ ಬಳಿದು ಕೂರಿಸಿದ ಅಜ್ಜನ ಫೋಟೋ. "ಆ ಹುಡಿಗಿ ಮಾರಿ ನಾ ನೋಡ್ಲಿಲ್ರಿ. ಆದರ ನನಗ ಕಾಣಸ್ತೈತಿ" ಎಂದರು. ಆ ಹುಡುಗಿ ಆಮೇಲೆ ಚೆನ್ನಾಗಿಯೇ ಬಾಳಿದಳಂತೆ. ಆದರೂ ಅವರಿಗೆ ಸಮಾಧಾನವಿರಲಿಲ್ಲ.

ಹೊಸ ಕ್ಯಾಮೆರಾ ಯಾಕೆ ಕೊಳ್ಳುವುದಿಲ್ಲ ಎಂದು ಕೇಳಿದ್ದೆ. ಅದಕ್ಕೂ ಅವರದೇ ಲೆಕ್ಕಾಚಾರ. ದೊಡ್ಡ ಕ್ಯಾಮೆರಾ ಖಟ್ ಎಂದು ಸದ್ದು ಮಾಡುತ್ತದೆ, ಅಳುತ್ತ ಕುಳಿತವರು ಬೆಚ್ಚಿಬೀಳುತ್ತಾರೆ. ಇದಕ್ಕೆ ಸದ್ದಿಲ್ಲ. ಮತ್ತೆ ಹೊಸ ಸಣ್ಣ ಕ್ಯಾಮೆರಾಗಳಲ್ಲಿ ಪರದೆ ನೋಡಿಯೇ ತೆಗೆಯಬೇಕು. ಇದರಲ್ಲಿ ಪರದೆಯ ಮೇಲ್ಗಡೆ, ಕಣ್ಣಿಟ್ಟು ನೋಡಲು ಹಳೆಯ ಕಾಲದಂತೆ ಒಂದು ಸಣ್ಣ ಕಿಂಡಿ ಇತ್ತು. ಸಾವಿನ ಮನೆಯಲ್ಲಿ ಅವರು ಪರದೆ ಆರಿಸಿಬಿಡುತ್ತಿದ್ದರು. ಪರದೆ ಹೊತ್ತಿಕೊಂಡಿದ್ದರೆ ಹಿಂದೆ ನಿಂತವರು ಬಗ್ಗಿ ನೋಡುತ್ತಾರೆ, ನಾನು ಸರಿಯಾಗಿ ಬಂದಿಲ್ಲ, ಇನ್ನೊಂದು ಹೊಡೀರಿ ಎನ್ನುತ್ತಾರೆ. ಸತ್ತವರ ಎದುರಿಗೆ ತಮ್ಮ ಮುಖ ನೋಡಿಕೊಳ್ಳಲು ಶುರು ಮಾಡುತ್ತಾರೆ. ಅದಕ್ಕೆ ಆ ಮನೆಯಲ್ಲಿ ಅವರೂ ನೋಡುತ್ತಿರಲಿಲ್ಲ, ಯಾರಿಗೂ ತೋರಿಸುತ್ತಲೂ ಇರಲಿಲ್ಲ. ಮೊಬೈಲು ಎತ್ತಿದವರಿಗೆ, "ಕಿಸೆದಾಗ ಇಟ್ಕೊರ್ರಿ, ನಾ ಬಂದೇನಲ್ಲ" ಎನ್ನುವರು. ಎಲ್ಲರೂ ಇಟ್ಟುಕೊಳ್ಳುತ್ತಿದ್ದರು.

ಒಮ್ಮೆ ನಮ್ಮ ಸೋದರತ್ತೆ ತೀರಿಕೊಂಡಾಗ ಅವರು ಕೆಲಸ ಮಾಡುವುದನ್ನು ನಾನೇ ನೋಡಿದೆ. ಕೂರಿಸಿದ್ದ ಅತ್ತೆಯ ಮುಂದೆ ಮಂಡಿಯೂರಿ, "ಅವ್ವಾರ, ಒಂಚೂರು ಈ ಕಡೆ" ಎಂದು ಅವಳಿಗೇ ಹೇಳಿದರು. ಆಮೇಲೆ ಮಗನ ಕಡೆ ತಿರುಗಿ ಕಣ್ಣಿನಲ್ಲಿ ಸನ್ನೆ ಮಾಡಿದರು, ಮಗ ಹೋಗಿ ತಾಯಿಯ ತಲೆಯನ್ನು ಸರಿಪಡಿಸಿದ. ಅವರು ತಾವಾಗಿ ಮುಟ್ಟಲಿಲ್ಲ. ಯಾರೋ ಹೊತ್ತಾಯಿತು, ಬೇಗ ಮುಗಿಸಿ ಎಂದು ಗಡಿಬಿಡಿ ಮಾಡಿದರು. ಅತ್ತೆಯ ಕಿರಿಯ ಮಗಳು ಸೊಲ್ಲಾಪುರದಿಂದ ಇನ್ನೂ ಬಂದಿರಲಿಲ್ಲ. ಸಾಹೇಬರು ಲೆನ್ಸು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಬ್ಯಾಟರಿ ತೆಗೆದು ಹಾಕಿದರು. "ಸತ್ತವರು ಅವಸರ ಮಾಡೂದಿಲ್ರಿ, ನೀವ್ಯಾಕ ಮಾಡ್ತೀರಿ" ಎಂದು ಯಾರಿಗೂ ನೋವಾಗದಂತೆ ಅಂದರು. ಮಗಳು ಬಂದು ತಾಯಿಯ ಬಳಿ ಕುಳಿತ ಮೇಲೆಯೇ ಅವರ ಲೆನ್ಸು ಸ್ವಚ್ಛವಾಯಿತು. ದೂರದ ಊರಿಗೆ ಕೊಟ್ಟ ಹೆಣ್ಣುಮಕ್ಕಳಿಗಾಗಿ ಅವರು ಹೀಗೆ ಅದೆಷ್ಟು ಸಲ ಆ ಲೆನ್ಸು ಒರೆಸಿದ್ದರೋ.

ಎರಡು ಜಿಬಿಯ ಕಾರ್ಡುಗಳು ಮಾರುಕಟ್ಟೆಯಿಂದ ಮಾಯವಾಗುತ್ತ ಬಂದವು. ಎಲ್ಲಾದರೂ ಸಿಕ್ಕರೆ ಅವರಿಗೆಂದು ತೆಗೆದಿಡುತ್ತಿದ್ದೆ. ಬರೀ ಕೊಟ್ಟು ಕಳಿಸುತ್ತಿರಲಿಲ್ಲ, ಪಾಠವೂ ಇತ್ತು. ನೋಡಲು ಎಲ್ಲ ಕಾರ್ಡೂ ಒಂದೇ ಅಳತೆ, ಒಂದೇ ಆಕಾರ. ಆದರೆ ನಾಲ್ಕು ಜಿಬಿಯಿಂದ ಮೇಲಿನದರ ಜಾತಿಯೇ ಬೇರೆ, ನಿಮ್ಮ ಕ್ಯಾಮೆರಾಕ್ಕೆ ಅದು ತಿಳಿಯುವುದಿಲ್ಲ. ಚಿಕ್ಕ ಮೊಬೈಲ್ ಕಾರ್ಡನ್ನು ಕವಚದಲ್ಲಿ ಕೂರಿಸಿ ಕೊಡುತ್ತಾರೆ, ಅದರ ತಾಮ್ರದ ಪಟ್ಟಿ ಸಡಿಲಾಗುತ್ತದೆ, ಬೇಡ. ಖಾಲಿ ಮಾಡುವುದಾದರೆ ಕಂಪ್ಯೂಟರಿನಲ್ಲಿ ಮಾಡಬೇಡಿ, ಕ್ಯಾಮೆರಾದಲ್ಲೇ ಮಾಡಿ. ಎಲ್ಲಕ್ಕಿಂತ ಮುಖ್ಯ, ಗುರುತಿಲ್ಲದ ಕಡೆ ಕೊಂಡ ಕಾರ್ಡನ್ನು ಮೊದಲು ಪೂರ್ತಿ ತುಂಬಿಸಿ ನೋಡಬೇಕು. ಮೇಲೆ ಎರಡು ಎಂದು ಬರೆದಿರುತ್ತದೆ, ಒಳಗೆ ಅರ್ಧವೂ ಇರುವುದಿಲ್ಲ. ಅಂಥ ಕಾರ್ಡು ತುಂಬಿದ ಮೇಲೂ ಸಾಕು ಎನ್ನುವುದಿಲ್ಲ, ತೆಗೆದುಕೊಳ್ಳುತ್ತಲೇ ಹೋಗುತ್ತದೆ. ಕಡೆಗೆ ನೋಡಿದರೆ ಫೋಟೋದ ಹೆಸರಿರುತ್ತದೆ, ಫೋಟೋ ಇರುವುದಿಲ್ಲ. ಇದನ್ನೆಲ್ಲ ಅವರು ಕೈಕಟ್ಟಿ ಕೇಳುತ್ತಿದ್ದರು. ಹೊಸ ಕಾರ್ಡು ಸಿಕ್ಕಾಗ ನನ್ನ ಅಂಗಡಿಯಲ್ಲೇ ಕುಳಿತು ಗೋಡೆ, ಫ್ಯಾನು, ನಾನು, ಬಾಗಿಲಾಚೆಯ ಎಮ್ಮೆ ಎಲ್ಲ ತೆಗೆದು ಕಾರ್ಡು ತುಂಬಿಸುತ್ತಿದ್ದರು. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ನೋಡುವುದು. ನನ್ನ ಮುಖವನ್ನು ಅಷ್ಟು ಸಲ ನೋಡುವ ಶಿಕ್ಷೆ ನನಗೆ ಬೇರೆ ಯಾರೂ ಕೊಟ್ಟಿಲ್ಲ.

ಒಂದು ಬೇಸಿಗೆಯಲ್ಲಿ ಅವರ ಬಿಳಿ ಚೀಲದ ಕಾರ್ಡು ಕೆಟ್ಟಿತು. ನನ್ನಲ್ಲಿ ಬೇರೆ ಇರಲಿಲ್ಲ. ತರಿಸುತ್ತೇನೆ, ತಡೆಯಿರಿ ಎಂದೆ. ಅವರು ನೆಂಟರ ಲಗ್ನ ಉಣ್ಣಲೆಂದು ಬೇರೆ ಊರಿಗೆ ಹೋದವರು, ಅಲ್ಲಿನ ಬಸ್‌ಸ್ಟ್ಯಾಂಡಿನ ಹೊರಗೆ ಸಾಮಾನು ಹರವಿಕೊಂಡು ಕುಳಿತವನ ಹತ್ತಿರ ಎರಡು ಜಿಬಿಯದು ಕಂಡು ಖುಷಿಯಿಂದ ಕೊಂಡರು. ಅದನ್ನು ತುಂಬಿಸಿ ನೋಡಲು ಬಿಡುವು ಸಿಗಲಿಲ್ಲ. ಮರುದಿನ ಬೆಳಿಗ್ಗೆಯೇ ಮರೋಳದ ಆಚೆಗಿನ ಒಂದು ಹಳ್ಳಿಯಿಂದ ಫೋನು ಬಂತು. ಒಬ್ಬ ವಯಸ್ಸಾದ ತಾಯಿ ತೀರಿಕೊಂಡಿದ್ದರು. ಕೆಂಪು ಚೀಲದಲ್ಲಿ ಒಳ್ಳೆಯ ಕಾರ್ಡು, ಪೂರ್ತಿ ಖಾಲಿಯಾಗಿಯೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

ಆ ತಾಯಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿ ಮದುವೆಯಾಗಿ ಬಾದಾಮಿಯಲ್ಲಿದ್ದಳು. ಅಣ್ಣ ಅವಳ ಹೆಸರೆತ್ತಲು ಬಿಡುತ್ತಿರಲಿಲ್ಲ. ಮದುವೆಯಾದ ಮೇಲೆ ಅವಳು ತೌರಿನ ಹೊಸ್ತಿಲು ತುಳಿದಿರಲಿಲ್ಲ. ಅವತ್ತು ಎಲ್ಲ ಬಂಧುಗಳ ಫೋಟೋ ಮುಗಿದು, ಹೆಣ ಎತ್ತುವ ಹೊತ್ತಿಗೆ ಅವಳು ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. ಯಾರೂ ಬಾ ಎನ್ನಲಿಲ್ಲ. ಅಣ್ಣ ತಾಯಿಯ ಪಕ್ಕದಲ್ಲಿ ನಿಂತವನು ಗೋಡೆ ನೋಡಿದ. ಆಗ ಸಾಹೇಬರು, "ಮುಂದ ಕುಂತಾವರು ಸ್ವಲ್ಪ ಏಳ್ರಿ. ಬಾ ತಂಗಿ, ಇಲ್ಲಿ ಕುಂದರು" ಎಂದರು. ಫೋಟೋಗ್ರಾಫರ್ ಕೂರು ಎಂದರೆ ಕೂರಬೇಕಾದದ್ದು ರೂಢಿ, ಹೀಗಾಗಿ ಯಾರಿಗೂ ಬೇಡವೆನ್ನಲು ಆಗಲಿಲ್ಲ. ಅವಳು ಕಾಲ ಬಳಿ ಕುಳಿತು ತಾಯಿಯ ಮೊಣಕಾಲ ಮೇಲೆ ಕೈಯಿಟ್ಟಳು. ಅಳಲಿಲ್ಲ. ಸಾಹೇಬರು ಕಿಂಡಿಗೆ ಕಣ್ಣಿಟ್ಟು ಮೇಲಿಂದ ಮೇಲೆ ತೆಗೆದರು. ಮುಗಿದ ಕೂಡಲೇ ಅವಳು ಎದ್ದು ಬಂದ ದಾರಿಯಲ್ಲೇ ಹೋದಳು.

ಎರಡು ದಿನದ ಮೇಲೆ ಅವರು ನನ್ನ ಅಂಗಡಿಗೆ ಬಂದಾಗ ಕೂರಲು ಅಡ್ಡಿಯಿಲ್ಲವೇ ಎಂದು ಕೇಳಲಿಲ್ಲ. ಕಾರ್ಡು ಕೈಯಲ್ಲಿ ಹಿಡಿದೇ ಕುಸಿದು ಕುಳಿತರು. ಕಂಪ್ಯೂಟರಿಗೆ ಹಾಕಿ ನೋಡಿದೆ. ಬಂಧುಗಳು, ಮೊಮ್ಮಕ್ಕಳು, ಊರ ಹಿರಿಯರು ಎಲ್ಲರೂ ಸ್ವಚ್ಛವಾಗಿ ಇದ್ದರು. ಮಗಳು ಬರುವ ಹೊತ್ತಿಗೆ ಕಾರ್ಡು ತುಂಬಿಹೋಗಿತ್ತು. ಅವಳ ಫೋಟೋಗಳಿಗೆ ಹೆಸರು ಮಾತ್ರ ಇತ್ತು.

ಅಳಿಸಿಹೋದದ್ದನ್ನು ಹೆಕ್ಕುವ ಸಾಫ್ಟ್‌ವೇರ್ ಎಲ್ಲ ಹಚ್ಚಿ ನೋಡಿದೆ. ಎಲ್ಲ ಫೋಟೋ ಕೈಕೊಟ್ಟವು. ಒಂದು ಮಾತ್ರ ಅರ್ಧ ಬಂತು. ಫೋಟೋ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಮೊದಲು ಗೋಡೆ, ಪಕ್ಕದಲ್ಲಿ ನಿಂತ ಅಣ್ಣ, ಆಮೇಲೆ ಕೆಂಪು ಸೆರಗು ಹೊದಿಸಿದ ತಲೆ, ವಿಭೂತಿಯ ಹಣೆ, ಮುಚ್ಚಿದ ಕಣ್ಣು, ಗದ್ದ. ಎದೆಯ ಹತ್ತಿರ ಬಂದು ನಿಂತಿತು. ಅಲ್ಲಿಂದ ಕೆಳಗೆಲ್ಲ ಬೂದು ಬಣ್ಣ. ಮಗಳು ಕುಳಿತದ್ದು ಆ ಬೂದುಬಣ್ಣದಲ್ಲಿ. ನನಗೆ ಅದನ್ನು ನೋಡಲಾಗಲಿಲ್ಲ, ಕಂಪ್ಯೂಟರಿನಲ್ಲಿ ಆ ಕಿಟಕಿ ಮುಚ್ಚಿದೆ.

"ಪರದಿ ಹಚ್ಚಿ ಒಮ್ಮೆ ನೋಡಿದ್ರ ಅಲ್ಲೇ ಗೊತ್ತಾಗ್ತಿತ್ತು" ಎಂದರು. "ಕೆಂಪು ಚೀಲದ್ದು ಹಾಕಿದ್ರ ಇದು ಆಗ್ತಿದ್ದಿಲ್ಲ. ಮಂದಿ ಮೊಬೈಲ್ ಎತ್ತಿದ್ರು, ಅದನ್ನೂ ನಾನ ಬ್ಯಾಡ ಅಂದ್ನಿ."

ನಾನು ವ್ಯಾಪಾರಸ್ಥ, ವ್ಯಾಪಾರಸ್ಥನ ಮಾತನ್ನೇ ಆಡಿದೆ. ಅಣ್ಣನಿಗೆ ಬೇಕಾದ ಫೋಟೋ ಎಲ್ಲ ಬಂದಿವೆ. ತಂಗಿಯ ಫೋಟೋ ಅವನು ಕೇಳುವುದಿಲ್ಲ. ಅವಳು ಬಾದಾಮಿಯಿಂದ ಬಂದು ಕೇಳುವ ಹಾಗಿಲ್ಲ. ಕೇಳಿದರೂ ಕ್ಯಾಮೆರಾ ಕೆಟ್ಟಿತ್ತು ಎಂದರೆ ಮುಗಿಯಿತು.

ಅವರು ನನ್ನನ್ನು ನೋಡಿದರು. "ಆಕಿಗಿ ಅವ್ವನ ಜೋಡಿ ಬ್ಯಾರೆ ಫೋಟೋ ಇಲ್ರಿ. ಇನ್ನ ತಗಸ್ಕೊಳ್ಳಾಕ ಅವ್ವನೂ ಇಲ್ಲ. ಯಾರೂ ಬಾ ಅನ್ನದಾಗ ನಾ ಕುಂದರು ಅಂದೇನಿ. ಕುಂದರಿಸಿ ಕಳಕೊಂಡೇನಿ."

ಹಾಗಾದರೆ ಕೂಡಿಸೋಣ ಎಂದೆ. ಮಗಳನ್ನು ಬೇರೆ ಕೂರಿಸಿ ಫೋಟೋ ತೆಗೆದು ಈ ಅರ್ಧಕ್ಕೆ ಜೋಡಿಸುವುದು ನನಗೆ ಬರುತ್ತಿತ್ತು. ಅದಕ್ಕೆ ಅವರು ಕೆಂಡವಾದರು. ದನಿ ಏರಿಸಿದ್ದು ನಾನು ಅದೊಂದೇ ಸಲ ಕೇಳಿದ್ದು. "ಸುಳ್ಳು ಫೋಟೋ ಕೊಡಂಗಿಲ್ರಿ ನಾ. ಸತ್ತವರ ಹೆಸರಲ್ಲೆ ಅಂತೂ ಕೊಡಂಗಿಲ್ಲ." ಮೊದಲು ಅವಳ ಮುಂದೆ ಹೋಗಿ ಇದ್ದದ್ದು ಇದ್ದಂತೆ ಹೇಳಬೇಕು ಎಂದರು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿಲ್ಲ ಎಂಬುದು ಮುಖದಲ್ಲೇ ಇತ್ತು. ಸ್ಕೂಟರ್ ತೆಗೆದೆ.

ಬಾದಾಮಿಯಲ್ಲಿ ಬೆಟ್ಟದ ಬುಡದ ಓಣಿಯಲ್ಲಿ ಅವಳ ಮನೆ. ಗಂಡ ಗ್ಯಾರೇಜಿಗೆ ಹೋಗಿದ್ದ. ಅವಳು ಹೊಲಿಗೆ ಯಂತ್ರದ ಮುಂದಿಂದ ಎದ್ದು ಬಂದಳು. ಸಾಹೇಬರು ಚಪ್ಪಲಿ ಬಿಟ್ಟು, ಕೂರದೆಯೇ ಎಲ್ಲ ಹೇಳಿದರು. ಕಾರ್ಡು ಎಲ್ಲಿ ಕೊಂಡದ್ದು, ಯಾಕೆ ಪರೀಕ್ಷಿಸಲಿಲ್ಲ, ಯಾಕೆ ಪರದೆ ಆರಿಸಿದ್ದೆ, ಯಾವುದನ್ನೂ ಬಿಡಲಿಲ್ಲ. "ತಪ್ಪು ನಂದ ಐತವ್ವಾ" ಎಂದು ಮುಗಿಸಿದರು. ಮೊಬೈಲಿನಲ್ಲಿ ಆ ಅರ್ಧ ಫೋಟೋ ತೋರಿಸಿದೆ.

ಅವಳು ಬಹಳ ಹೊತ್ತು ನೋಡಿದಳು. ಬೂದು ಬಣ್ಣದ ಮೇಲೆ ಬೆರಳಿಟ್ಟಳು. "ನಾ ಇಲ್ಲೇ ಕುಂತಿದ್ನಲ್ರಿ."

"ಹೌದವ್ವಾ. ಅಲ್ಲೇ."

"ಕೈ ಮೊಣಕಾಲ ಮ್ಯಾಲ ಇತ್ತು."

"ಇತ್ತು."

ಈ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಕೂಡಿಸುವ ವಿಷಯ ಹೇಳಿಬಿಟ್ಟೆ, ಸಾಹೇಬರು ಅದನ್ನು ಸುಳ್ಳು ಎನ್ನುತ್ತಾರೆ ಎಂದೂ ಹೇಳಿದೆ. ಅವಳು ಅವರ ಕಡೆ ತಿರುಗಿದಳು.

"ನಾ ಕುಂತಿದ್ದು ಖರೆ ಐತಿಲ್ರೀ?" ಎಂದು ಕೇಳಿದಳು. "ಮತ್ತ ಸುಳ್ಳು ಹೆಂಗಾಕ್ಕೈತಿ?"

ಸಾಹೇಬರು ಹೆಗಲಿನ ಕ್ಯಾಮೆರಾ ಇಳಿಸಿದರು. ಆಮೇಲೆ, "ಗ್ವಾಡಿ ಕಡೆ ಒಂದು ಕುರ್ಚಿ ಹಾಕವ್ವಾ" ಎಂದರು.

ತೊಡಕು ಒಂದಿತ್ತು. ಮಗಳ ಜೊತೆಗೆ ತಾಯಿಯ ಮಡಿಲೂ ಹೋಗಿತ್ತು. ಉಳಿದ ಫೋಟೋಗಳಲ್ಲೆಲ್ಲ ಮುಂದೆ ಮೊಮ್ಮಕ್ಕಳು ಕುಳಿತು ಮಡಿಲು ಮುಚ್ಚಿಕೊಂಡಿದ್ದರು. ತಾಯಿಯ ಒಂಟಿ ಫೋಟೋ ಎದೆಯವರೆಗೆ ಮಾತ್ರ ಇತ್ತು. ದಿಂಬು ಇಟ್ಟು ಸೀರೆ ಹೊದಿಸಿ ನೋಡಿದೆವು, ಅವಳ ಕೈ ದಿಂಬಿನ ಮೇಲೆ ದಿಂಬಿನ ಮೇಲಿನ ಕೈಯಾಗಿಯೇ ಕಂಡಿತು. ಸಾಹೇಬರು ದಿಂಬು ತೆಗೆದು ಕೆಳಗಿಟ್ಟರು. ತಾವೇ ಕುರ್ಚಿಯ ಮೇಲೆ ಪದ್ಮಾಸನ ಹಾಕಿ ಗೋಡೆಗೆ ಒರಗಿ ಕುಳಿತರು.

ನಮ್ಮಲ್ಲಿ ಮಕ್ಕಳು ಆಟಕ್ಕೆ ಹಾಗೆ ಕುಳಿತರೂ ಹಿರಿಯರು ತಲೆಗೆ ಮೊಟಕುತ್ತಾರೆ. ಸತ್ತವರು ಕೂರುವ ರೀತಿ ಅದು. ಅವಳು ಗಾಬರಿಯಾಗಿ, "ಬ್ಯಾಡ್ರಿ, ಏಳ್ರಿ" ಎಂದಳು. ನಾನೂ ಅದನ್ನೇ ಅಂದೆ. ಅವರು ಏಳಲಿಲ್ಲ. ತಾಯಿಯದೇ ಸೀರೆ ಇದೆಯೇ ಎಂದು ಕೇಳಿದರು. ಮೊದಲ ಮಗು ಹುಟ್ಟಿದಾಗ ತಾಯಿ ಯಾರ ಕೈಯಲ್ಲೋ ಗುಟ್ಟಾಗಿ ಕಳಿಸಿದ್ದ ಇಳಕಲ್ ಸೀರೆ ಅವಳ ಹತ್ತಿರ ಇತ್ತು. ಅದನ್ನು ತಂದು ಅವರ ಮಡಿಲ ಮೇಲೆ ಹೊದಿಸಿದಳು. ಅವರು ಕೆಂಪು ಚೀಲ ತೆಗೆದು ನನ್ನ ಕೈಗಿಟ್ಟರು. ನಾನು ಅವರ ಮುಖ ನೋಡಿದೆ.

"ಇದ ಹಾಕ್ರಿ. ಇಲ್ಲಿ ಕುಂತಾವರು ಇಬ್ಬರೂ ಜೀವಂತ ಅದೇವಿ" ಎಂದರು. "ಪರದಿನೂ ಹಚ್ರಿ."

ಆಮೇಲೆ ಕಣ್ಣು ಮುಚ್ಚಿಕೊಂಡರು. ಅವಳು ಕೆಳಗೆ ಕುಳಿತು ಅವರ ಮೊಣಕಾಲ ಮೇಲೆ ಕೈಯಿಟ್ಟಳು. ಇಟ್ಟ ಕೈ ಒಮ್ಮೆ ಬಿಗಿಯಾಯಿತು. "ಯವ್ವಾ" ಎಂದಳು, ಅಷ್ಟೇ. ತೌರಿನಲ್ಲಿ ಅಣ್ಣನ ಎದುರು ಬಾರದಿದ್ದ ಅಳು ಅಲ್ಲಿ ಬಂತು. ಅತ್ತಳು ಎಂದರೆ ಅಂಥಿಂಥ ಅಳುವಲ್ಲ, ನೆರೆಮನೆಯವರು ಬಾಗಿಲಿಗೆ ಬಂದು ನಿಂತರು. ಸಾಹೇಬರು ಅಲುಗಾಡಲಿಲ್ಲ, ಕಣ್ಣು ತೆರೆಯಲಿಲ್ಲ. ನಾನು ಗುಂಡಿ ಒತ್ತದೆ ನಿಂತೆ. ನನ್ನ ಕೈಯಲ್ಲಿ ಒರೆಸಲು ಲೆನ್ಸು ಇತ್ತು, ಒರೆಸಿದೆ.

ಜೋಡಿಸುವ ಕೆಲಸಕ್ಕೆ ನನಗೆ ವಾರ ಹಿಡಿಯಿತು. ಅವಳಿಗೆ ಒಂದು ಪ್ರತಿ ಕೊಟ್ಟರು. ಇನ್ನೊಂದಕ್ಕೆ ಕಟ್ಟು ಹಾಕಿಸಿ ಹಳ್ಳಿಗೆ ಒಯ್ಯಲು ಹೊರಟಾಗ ನಾನೂ ಹೋದೆ, ಅಣ್ಣ ಏನಾದರೂ ಅಂದರೆ ಜಗಳವಾಡಲು ಒಬ್ಬರು ಬೇಕಲ್ಲ. ಅಣ್ಣ ಕಟ್ಟೆಯ ಮೇಲೆ ಕುಳಿತು ಫೋಟೋ ತೊಡೆಯ ಮೇಲಿಟ್ಟುಕೊಂಡ.

"ಇದು ಕೂಡಿಸಿದ್ದೈತ್ರಿ" ಎಂದರು ಸಾಹೇಬರು, ಅವನು ಕೇಳುವ ಮೊದಲೇ. ನಡೆದದ್ದೆಲ್ಲ ಹೇಳಿದರು. "ಮ್ಯಾಲಿಂದು ನಿಮ್ಮ ತಾಯಿ. ತಂಗಿ ತಂಗೀನ. ಮಡಲು ಮಾತ್ರ ನಂದು."

ಅವನ ಮುಖ ಬಿಳಿಚಿತು. "ಹಂಗ ಕುಂದ್ರಬಾರದಾಗಿತ್ರೀ ನೀವು."

"ಯಾರರೆ ಕುಂದ್ರಬೇಕಾಗಿತ್ತಲ್ರಿ. ಆಕಿ ಕೈ ಎಲ್ಲಿ ಇಡಬೇಕು?"

ಅವನು ಫೋಟೋ ಎತ್ತಿಕೊಂಡು ಒಳಗೆ ಹೋದವನು ಹೊರಗೆ ಬರಲಿಲ್ಲ. ಚಹಾ ಬಂತು, ಕುಡಿದು ಎದ್ದೆವು. ದಾರಿಯಲ್ಲಿ ನಾನು ಅವನನ್ನು ಬೈದೆ. ಸಾಹೇಬರು, "ಒಳಗ ಒಯ್ದಾನಲ್ರಿ" ಎಂದರು.

ಅವರು ಆಮೇಲೆ ಬಹಳ ವರ್ಷ ಬದುಕಿದರು. ಹೀಗೆ ಹೇಳಬೇಕಾಗಿದೆ, ಯಾಕೆಂದರೆ ಅವರು ತೀರಿಕೊಂಡಾಗ, ಹಾಗೆ ಕುಳಿತದ್ದಕ್ಕೇ ಹೀಗಾಯಿತು ಎಂದವರು ಇದ್ದಾರೆ. ಅವರ ಬಾಯಿ ಮುಚ್ಚಿಸುವ ಕೆಲಸ ನಾನು ವಹಿಸಿಕೊಂಡಿದ್ದೇನೆ. ಪರದೆಯನ್ನು ಮಾತ್ರ ಅವರು ಕೊನೆಯವರೆಗೂ ಸಾವಿನ ಮನೆಯಲ್ಲಿ ಆರಿಸಿಯೇ ಇಡುತ್ತಿದ್ದರು. ಎಲ್ಲ ಮುಗಿಸಿ ಬೀದಿಗೆ ಬಂದು, ಯಾರದಾದರೂ ದನದ ಕೊಟ್ಟಿಗೆಯ ಮರೆಗೆ ಹೋಗಿ, ಅಲ್ಲಿ ಹಚ್ಚಿ ನೋಡುತ್ತಿದ್ದರಂತೆ. ತಪ್ಪಿದ್ದರೆ ಮತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗುವುದು.

ಇಳಕಲ್ಲಿಗೆ ನಾನು ಮುಟ್ಟುವ ಹೊತ್ತಿಗೆ ನಮಾಜು ಮುಗಿದು ಅವರನ್ನು ಕಬರಸ್ತಾನಕ್ಕೆ ತಂದಿದ್ದರು. ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಅವರ ಪದ್ಧತಿ ಅದು, ಯಾರೂ ಕೂರಿಸುವುದಿಲ್ಲ. ಹಳ್ಳಿಗಳಿಂದ ಬಂದ ಮಂದಿಯೇ ಅರ್ಧ, ಹಣೆಯ ವಿಭೂತಿಯ ಮೇಲೆ ಕರವಸ್ತ್ರ ಕಟ್ಟಿಕೊಂಡು ಸಾಲಾಗಿ ಮಣ್ಣು ಹಾಕುತ್ತಿದ್ದರು. ಅವರ ನಡುವೆ ಆ ಅಣ್ಣ ಇದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಗ್ಗಿ ಮೂರು ಹಿಡಿ ಹಾಕಿ, ಕೈ ಒರೆಸಿಕೊಳ್ಳದೆಯೇ ನನ್ನ ಬಳಿ ಬಂದು ನಿಂತ. ಏನು ಮಾತಾಡುವುದೆಂದು ತಿಳಿಯದೆ, ಹೇಗೆ ಬಂದಿರಿ, ಬಸ್ಸಿಗೇನು ಎಂದು ಕೇಳಿದೆ.

"ಇಲ್ರಿ" ಎಂದ. "ಬಾದಾಮಿಗೆ ಹೋಗಿ ತಂಗೀನ ಕರಕೊಂಡು ಬಂದ್ನಿ. ಆಕಿ ಸಾಹೇಬ್ರ ಮನ್ಯಾಗ ಹೆಣ್ಮಕ್ಕಳ ಜೋಡಿ ಕುಂತಾಳ."